ಕಲಿಸುವವಳನ್ನು ಕಲಿಸಿದ ಮನೆ
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



"ಹುಡುಗಿ ಇಷ್ಟು ಓದಿದ್ದು ಸಾಕು, ಇನ್ನೇನು ಮಾಡ್ಲಿಕ್ಕುಂಟು?" ಈ ಮಾತು ನಮ್ಮ ಮನೆಗಳಲ್ಲಿ ಈಗಲೂ ಕೇಳಿಬರುತ್ತದೆ, ಅಲ್ವಾ? ನೂರೈವತ್ತು ವರ್ಷಗಳ ಹಿಂದೆ ಇದರ ಜೊತೆಗೆ ಇನ್ನೊಂದು ತೊಡಕೂ ಇತ್ತು. ಗಂಡಸು ಮಾಸ್ತರರ ಬಳಿಗೆ ಮಗಳನ್ನು ಕಳಿಸಲು ಹೆತ್ತವರು ಒಪ್ಪುತ್ತಿರಲಿಲ್ಲ. ಶಿಕ್ಷಕಿಯರಿಲ್ಲದೆ ಹುಡುಗಿಯರು ಶಾಲೆಗೆ ಬರುವುದಿಲ್ಲ. ಹುಡುಗಿಯರು ಓದದೆ ಶಿಕ್ಷಕಿಯರು ಸಿಗುವುದಿಲ್ಲ! 1882ರಲ್ಲಿ ಪಂಡಿತಾ ರಮಾಬಾಯಿಯವರು ಹಂಟರ್ ಆಯೋಗದ ಮುಂದೆ ಹೇಳಿದ್ದೂ ಇದನ್ನೇ: ಹೆಣ್ಣುಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕಿಯರು ಬೇಕು.

ನಮ್ಮ ಕರಾವಳಿಯಲ್ಲಿ ಈ ಗಂಟು ಬಿಚ್ಚಿದ್ದು ಹೇಗೆ? ಮಂಗಳೂರಿನ ಸೇಂಟ್ ಆನ್ಸ್ ಕಥೆಯನ್ನು ನೋಡೋಣ.

ಮದರ್ ವೆರೋನಿಕಾ ಅವರು 1868ರಲ್ಲಿ ಫ್ರಾನ್ಸಿನ ಬಯೋನ್ ಎಂಬಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಆರಂಭಿಸಿದರು. ಈ ಕರಾವಳಿಯ ಹೆಣ್ಣುಮಕ್ಕಳಿಗೆ ವಿದ್ಯೆ ಕೊಡಬೇಕೆಂಬುದೇ ಅವರ ಹಂಬಲ. 1870ರಲ್ಲಿ ಅಲ್ಲಿನ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದರು, ಶಾಲೆ ಶುರುವಾಯಿತು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಬಂತು. ಹುಡುಗಿಯರು ಪದವೀಧರೆಯರಾದರು.

ಆದರೆ ಪದವಿ ಇದ್ದ ಮಾತ್ರಕ್ಕೆ ಪಾಠ ಮಾಡಲು ಬರುತ್ತದೆಯೇ? ಮದರಾಸಿನಲ್ಲಿ 1922ರಲ್ಲೇ ಲೇಡಿ ವಿಲಿಂಗ್ಡನ್ ತರಬೇತಿ ಕಾಲೇಜು ಇತ್ತು ನಿಜ. ಅಷ್ಟು ದೂರಕ್ಕೆ ಎಷ್ಟು ಮಂದಿ ಮಗಳನ್ನು ಕಳಿಸಿಯಾರು? ಕೊನೆಗೆ 1943ರಲ್ಲಿ, ಮಹಾಯುದ್ಧದ ಕಷ್ಟದ ದಿನಗಳಲ್ಲೇ, ಸೇಂಟ್ ಆನ್ಸ್‌ನಲ್ಲಿ ಶಿಕ್ಷಕರ ತರಬೇತಿ ಕಾಲೇಜು ಆರಂಭವಾಯಿತು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದಲ್ಲಿತ್ತು, ಇಂದಿನ ಬಿ.ಎಡ್. ಪದವಿಗೆ ಆಗ ಬಿ.ಟಿ. ಎನ್ನುತ್ತಿದ್ದರು.

ತರಬೇತಿ ಅಂದರೆ ಪುಸ್ತಕ ಓದುವುದಷ್ಟೇ ಅಲ್ಲ. ಪಾಠಯೋಜನೆ ಬರೆಯಬೇಕು, ನಿಜವಾದ ತರಗತಿಯಲ್ಲಿ ನಿಂತು ಕಲಿಸಬೇಕು, ಹಿಂದಿನ ಬೆಂಚಿನಲ್ಲಿ ಕುಳಿತ ಉಪನ್ಯಾಸಕರು ತಪ್ಪು ತೋರಿಸಿದರೆ ತಿದ್ದಿಕೊಳ್ಳಬೇಕು. ಮಗುವಿಗೆ ಅರ್ಥವಾಗದಿದ್ದರೆ ಮಗುವನ್ನು ಬೈಯುವ ಮೊದಲು ತನ್ನ ಪಾಠವನ್ನೇ ಬದಲಿಸಬೇಕು. ನಾಚಿಕೆಯಿಂದ ಮಾತೇ ಹೊರಡದ ಹುಡುಗಿ ನಲವತ್ತು ಮಕ್ಕಳ ಮುಂದೆ ಧೈರ್ಯವಾಗಿ ನಿಲ್ಲುವುದು ಹೀಗೆ.

1870ರಿಂದ 1943ಕ್ಕೆ 73 ವರ್ಷ. ಮೊದಲು ಶಾಲೆ, ಮತ್ತೆ ಕಾಲೇಜು, ಆಮೇಲೆ ತರಬೇತಿ. ಒಂದೊಂದು ಮೆಟ್ಟಿಲನ್ನೂ ಹಿಂದಿನವರು ಕಟ್ಟಿಕೊಟ್ಟರು. ನಾವು ಮಗಳನ್ನು ಅರ್ಧದಲ್ಲಿ ಬಿಡಿಸಿದರೆ ಮುರಿಯುವುದು ಅವಳೊಬ್ಬಳ ಮೆಟ್ಟಿಲಲ್ಲ. ಅವಳು ಮುಂದೆ ಕಲಿಸಬಹುದಾಗಿದ್ದ ಮಕ್ಕಳದ್ದೂ ಹೌದು.

ಚರ್ಚೆಗೆ ಪ್ರಶ್ನೆಗಳು

1. ನಿಮಗೆ ಅಕ್ಷರ ಕಲಿಸಿದ ಟೀಚರನ್ನು ನೆನಪಿಸಿಕೊಳ್ಳಿ. ಅವರಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು?
2. ನಮ್ಮ ವಾರ್ಡಿನಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ನಂತರ ಓದು ನಿಲ್ಲಿಸಿದ ಹುಡುಗಿಯರು ಯಾರು? ಕಾರಣ ಹಣವೋ, ದೂರವೋ, ಮದುವೆಯೋ?
3. ಮದುವೆಗೆ ಸಂಘದಿಂದ ಸಾಲ ತೆಗೆಯುವ ನಾವು ಮಗಳ ಓದಿಗೂ ತೆಗೆಯುತ್ತೇವೆಯೇ?

ಮುಂದಿನ ಸಭೆಯೊಳಗೆ ಅಂಥ ಒಬ್ಬ ಹುಡುಗಿಯ ಮನೆಗಾದರೂ ಇಬ್ಬರು ಸದಸ್ಯರು ಹೋಗಿ ಮಾತಾಡಿ ಬರೋಣ.