ಗಿರಗಿರ ಹರಿಗೋಲು

ಹಂಪಿ ನೋಡಲು ಹೋದವರು ತುಂಗಭದ್ರಾ ಹೊಳೆಯಲ್ಲಿ ಹರಿಗೋಲು ಹತ್ತುತ್ತಾರೆ. ಹರಿಗೋಲು ಬುಟ್ಟಿಯ ಹಾಗೆ ಗುಂಡಗೆ ಇರುತ್ತದೆ. ಅದನ್ನು ಬಿದಿರಿನಿಂದ ಹೆಣೆಯುತ್ತಾರೆ. ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ.

ಇದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ. 1520ರ ಸುಮಾರಿಗೆ ಪೋರ್ಚುಗಲ್ ದೇಶದ ಪಾಯೆಸ್ ಎಂಬಾತ ವಿಜಯನಗರಕ್ಕೆ ಬಂದಿದ್ದ. 'ಈ ದೋಣಿ ನೆಟ್ಟಗೆ ಹೋಗೋದಿಲ್ಲ, ಸುತ್ತುತ್ತಲೇ ಇರುತ್ತದೆ' ಎಂದು ಆತನೂ ಬರೆದಿಟ್ಟ. ಬೇಕಾದರೆ ಕುದುರೆ, ಎತ್ತುಗಳನ್ನೂ ಇದರಲ್ಲೇ ದಾಟಿಸುತ್ತಿದ್ದರಂತೆ!

ಒಂದು ಸಲ ಅತ್ತೆ, ಸೊಸೆ ಹರಿಗೋಲು ಹತ್ತಿದರು.

"ಅತ್ತೀ, ಅಲ್ಲಿ ಗುಡಿ ನೋಡ್ರೀ!" ಎಂದು ಸೊಸೆ ಎದ್ದು ನಿಂತಳು. ಹರಿಗೋಲು ವಾಲಿತು. ಬುತ್ತಿ ಗಂಟು ಹೊಳೆ ಪಾಲಾಯಿತು.

"ಮೀನಿಗೆ ಹಬ್ಬ ಆತು, ಇನ್ನ ಕುಂದ್ರವ್ವಾ!" ಎಂದರು ಅತ್ತೆ. ಎಲ್ಲರೂ ನಕ್ಕರು.

ಬುತ್ತಿ ಹೋದರೆ ನಗಬಹುದು. ಜೀವ ಹೋದರೆ? ಭಾರ ಒಂದೇ ಕಡೆ ಬಿದ್ದರೆ ಹರಿಗೋಲು ಮಗುಚುತ್ತದೆ. ಅದಕ್ಕೇ ಸುತ್ತಲೂ ಸಮನಾಗಿ ಕೂರಬೇಕು. ಎದ್ದು ನಿಲ್ಲಬಾರದು. ಹೆಚ್ಚು ಜನ ಹತ್ತಬಾರದು. ತೇಲುವ ಜಾಕೆಟ್ ಕೇಳಿ ಹಾಕಿಕೊಳ್ಳಬೇಕು. ಹೊಳೆ ತುಂಬಿದಾಗ ಹತ್ತಲೇಬಾರದು.

ನೀವು ಹರಿಗೋಲು, ದೋಣಿ ಹತ್ತಿದ್ದೀರಾ? ಏನಾಯಿತು? ಹೇಳಿ, ಬರೆಯಿರಿ.