ತಾಳೆಯಾದ ಉತ್ತರವೆಲ್ಲ ಸರಿಯೆ?

ಪರೀಕ್ಷಾ ಮಂದಿರದಿಂದ ಹೊರಬಂದ ವಿದ್ಯಾರ್ಥಿಗಳು ಮಾಡುವ ಮೊದಲ ಕೆಲಸವೆಂದರೆ ಉತ್ತರಗಳನ್ನು ತಾಳೆ ನೋಡುವುದು. ಗೆಳೆಯನ ಉತ್ತರವೂ ತನ್ನ ಉತ್ತರವೂ ಒಂದೇ ಆಗಿದ್ದರೆ ಮುಖ ಅರಳುತ್ತದೆ. ಬೇರೆಯಾಗಿದ್ದರೆ ಎದೆ ಧಸಕ್ಕೆನ್ನುತ್ತದೆ. ಈ ಹರ್ಷಕ್ಕೂ ಈ ಭಯಕ್ಕೂ ಎಷ್ಟರಮಟ್ಟಿನ ಆಧಾರವಿದೆ? ಎರಡು ಉತ್ತರಗಳು ಹೊಂದಿದ ಮಾತ್ರಕ್ಕೆ ಅವು ಸರಿಯೆಂದು ಹೇಳಬಹುದೆ? ಇದನ್ನು ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ನಮ್ಮ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು, ಎಂದರೆ ಸಿಇಟಿಯನ್ನು, ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಭೌತಶಾಸ್ತ್ರ ಪತ್ರಿಕೆಯಲ್ಲಿ 60 ಪ್ರಶ್ನೆಗಳಿರುತ್ತವೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳನ್ನು ಕೊಟ್ಟು, ಸರಿಯಾದುದನ್ನು ಗುರುತಿಸಲು ಹೇಳಿರುತ್ತಾರೆ. ಇಬ್ಬರು ವಿದ್ಯಾರ್ಥಿಗಳು ತಲಾ 30 ಪ್ರಶ್ನೆಗಳಿಗೆ ಸರಿಯಾದ ಉತ್ತರ ಗುರುತಿಸಿದ್ದಾರೆಂದು ಭಾವಿಸೋಣ. ಒಬ್ಬನು ಎಡವಿದುದಕ್ಕೂ ಇನ್ನೊಬ್ಬನು ಎಡವಿದುದಕ್ಕೂ ಯಾವ ಸಂಬಂಧವೂ ಇಲ್ಲವೆಂದೂ, ತಪ್ಪು ಉತ್ತರಗಳು ಮೂರು ತಪ್ಪು ಆಯ್ಕೆಗಳಲ್ಲಿ ಸಮವಾಗಿ ಹಂಚಿಹೋಗಿವೆಯೆಂದೂ ಇಟ್ಟುಕೊಳ್ಳೋಣ.

ಆಗ ಸರಾಸರಿಯಾಗಿ 15 ಪ್ರಶ್ನೆಗಳಲ್ಲಿ ಇಬ್ಬರದೂ ಸರಿ. ಇನ್ನು 15ರಲ್ಲಿ ಮೊದಲನೆಯವನದು ಮಾತ್ರ ಸರಿ. ಮತ್ತೆ 15ರಲ್ಲಿ ಎರಡನೆಯವನದು ಮಾತ್ರ ಸರಿ. ಉಳಿದ 15ರಲ್ಲಿ ಇಬ್ಬರದೂ ತಪ್ಪು. ಈ ಕೊನೆಯ 15ರಲ್ಲಿ ಮೂರನೆಯ ಒಂದು ಭಾಗ, ಅಂದರೆ 5 ಪ್ರಶ್ನೆಗಳಲ್ಲಿ, ಇಬ್ಬರೂ ಒಂದೇ ತಪ್ಪು ಉತ್ತರವನ್ನು ಗುರುತಿಸಿರುತ್ತಾರೆ. ಆದುದರಿಂದ ತಾಳೆಯಾಗುವ ಉತ್ತರಗಳು ಒಟ್ಟು 20. ಅವುಗಳಲ್ಲಿ ಸರಿಯಾದವು 15. ತಾಳೆಯಾದ ನಾಲ್ಕು ಉತ್ತರಗಳಲ್ಲಿ ಒಂದು ತಪ್ಪೆಂದಾಯಿತು.

ತಾಳೆಯಾಗದ 40 ಪ್ರಶ್ನೆಗಳನ್ನೂ ಗಮನಿಸಬೇಕು. ಇಬ್ಬರೂ ಸರಿಸಮಾನರು; ಇಬ್ಬರಿಗೂ 30 ಅಂಕಗಳೇ ಬರುತ್ತವೆ. ಆದರೂ ಮೂರರಲ್ಲಿ ಎರಡು ಪಾಲು ಪ್ರಶ್ನೆಗಳಲ್ಲಿ ಅವರ ಉತ್ತರಗಳು ಬೇರೆ ಬೇರೆಯಾಗಿವೆ! ಹೊಂದಿದ ಉತ್ತರವನ್ನು ಯಾರೂ ಹೆಚ್ಚು ಹೊತ್ತು ಚರ್ಚಿಸುವುದಿಲ್ಲ. ಹೊಂದದ ಉತ್ತರದ ಮೇಲೆಯೇ ಮಾತೆಲ್ಲ ನಡೆಯುತ್ತದೆ. ಹೀಗಾಗಿ ಸಾಧಾರಣ ಭಿನ್ನತೆಯೇ ದೊಡ್ಡ ಸೋಲಿನಂತೆ ಕಾಣುತ್ತದೆ. ಅಷ್ಟೇ ಅಲ್ಲ, ಆ 40ರಲ್ಲಿ 10 ಪ್ರಶ್ನೆಗಳಲ್ಲಿ ಇಬ್ಬರ ಉತ್ತರವೂ ತಪ್ಪು. ಅಂಥ ಕಡೆ ಯಾರು ವಾದದಲ್ಲಿ ಗೆದ್ದರೂ ಅಂಕ ಮಾತ್ರ ಇಬ್ಬರಿಗೂ ಇಲ್ಲ.

ವಾಸ್ತವದಲ್ಲಿ ಉತ್ತರಗಳು ಇಷ್ಟು ಸ್ವತಂತ್ರವಾಗಿರುವುದಿಲ್ಲ. ಸುಲಭವಾದುದು ಇಬ್ಬರಿಗೂ ಸುಲಭ. ಕಠಿಣವಾದುದು ಇಬ್ಬರಿಗೂ ಕಠಿಣ. ಇದಕ್ಕಿಂತ ಮುಖ್ಯವಾದುದು, ಪ್ರಶ್ನೆಯಲ್ಲಿ ಅಡಗಿರುವ ಬಲೆ. ಒಂದು ವಾಹನ ಒಂದು ಊರಿಗೆ ಗಂಟೆಗೆ 40 ಕಿಲೋಮೀಟರಿನಂತೆ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರಿನಂತೆ ಹಿಂದಿರುಗಿದರೆ ಅದರ ಸರಾಸರಿ ವೇಗವೆಷ್ಟು? ಥಟ್ಟನೆ ಹೊಳೆಯುವ ಉತ್ತರ 50. ಆದರೆ ದೂರ 120 ಕಿಲೋಮೀಟರೆಂದು ಇಟ್ಟುಕೊಂಡರೆ, ಹೋಗಲು 3 ಗಂಟೆ, ಬರಲು 2 ಗಂಟೆ. 5 ಗಂಟೆಗಳಲ್ಲಿ 240 ಕಿಲೋಮೀಟರು. ಸರಿಯಾದ ಉತ್ತರ 48. ಇಂಥ ಪ್ರಶ್ನೆಯೊಂದಕ್ಕೆ ನೂರರಲ್ಲಿ 30 ಮಂದಿ ಸರಿಯಾಗಿ ಉತ್ತರಿಸಿ, 70 ಮಂದಿ ಒಂದೇ ಬಲೆಗೆ ಬಿದ್ದರೆ ಏನಾದೀತು? ಯಾರನ್ನೋ ಇಬ್ಬರನ್ನು ಆರಿಸಿ ಕೇಳಿದರೆ, ಅಂಥ 100 ಜೋಡಿಗಳಲ್ಲಿ ಸುಮಾರು 9 ಜೋಡಿಗಳು ಸರಿಯುತ್ತರದಲ್ಲಿ ಒಂದಾಗುತ್ತವೆ. 49 ಜೋಡಿಗಳು ತಪ್ಪಿನಲ್ಲಿ ಒಂದಾಗುತ್ತವೆ. ಇಲ್ಲಿ ತಾಳೆಯಾಗುವಿಕೆಯು ಸರಿಯ ಗುರುತಲ್ಲ, ಹೆಚ್ಚಾಗಿ ತಪ್ಪಿನ ಗುರುತೇ ಆಗಿದೆ.

ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ಸಂಗತಿಯಲ್ಲ. ತುದಿ ಎರಡು ಮಿಲಿಮೀಟರು ಸವೆದ ಅಳತೆಪಟ್ಟಿಯ ಆ ತುದಿಯಿಂದಲೇ ಹತ್ತು ಮಂದಿ ಒಂದು ಸರಳಿನ ಉದ್ದವನ್ನು ಅಳೆದರೆ ಹತ್ತು ಅಳತೆಗಳೂ ಚೆನ್ನಾಗಿ ಹೊಂದುತ್ತವೆ. ಹತ್ತೂ ಎರಡು ಮಿಲಿಮೀಟರು ಹೆಚ್ಚಾಗಿರುತ್ತವೆ. ಕೈ ಕಣ್ಣುಗಳ ಸಣ್ಣ ಏರುಪೇರುಗಳು ಪದೇ ಪದೇ ಅಳೆದು ಸರಾಸರಿ ತೆಗೆದಾಗ ಕಡಮೆಯಾಗುತ್ತವೆ. ಎಲ್ಲರಿಗೂ ಸಮಾನವಾದ ದೋಷ ಹಾಗೆ ಕಡಮೆಯಾಗುವುದಿಲ್ಲ. ಒಂದೇ ಪಾಠ ಕೇಳಿ, ಒಂದೇ ಟಿಪ್ಪಣಿ ಓದಿದ ಗೆಳೆಯರ ಉತ್ತರಗಳೂ ಒಂದೇ ಪಟ್ಟಿಯಿಂದ ಅಳೆದ ಅಳತೆಗಳಂತೆಯೇ.

ಇದಕ್ಕೆ 2024ರ ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ನಿದರ್ಶನ ದೊರೆಯುತ್ತದೆ. ಭೌತಶಾಸ್ತ್ರದ ಒಂದು ಪ್ರಶ್ನೆಯಲ್ಲಿ ಎರಡು ಹೇಳಿಕೆಗಳಿದ್ದುವು: ಪರಮಾಣುವಿನಲ್ಲಿ ಧನ ಋಣ ವಿದ್ಯುದಾವೇಶಗಳು ಸಮವಾಗಿರುವುದರಿಂದ ಅದು ತಟಸ್ಥವೆಂಬುದು ಒಂದು, ಪ್ರತಿಯೊಂದು ಧಾತುವಿನ ಪರಮಾಣುವೂ ಸ್ಥಿರವಾಗಿದ್ದು ತನ್ನದೇ ಆದ ರೋಹಿತವನ್ನು ಸೂಸುತ್ತದೆಂಬುದು ಇನ್ನೊಂದು. ಹಳೆಯ ಪಠ್ಯಪುಸ್ತಕವನ್ನು ಓದಿದ್ದವರಿಗೆ ಎರಡೂ ಸರಿಯೆಂದು ತೋರಿತು. ಹೊಸ ಆವೃತ್ತಿಯಲ್ಲಿ ಹೆಚ್ಚಿನ ಧಾತುಗಳಿಗೆ ಮಾತ್ರ ಅನ್ವಯಿಸುವಂತೆ ವಾಕ್ಯವನ್ನು ತಿದ್ದಲಾಗಿತ್ತು. ಪರೀಕ್ಷಾ ಸಂಸ್ಥೆಯು ಮೊದಲು ಎರಡು ಉತ್ತರಗಳಿಗೂ ಅಂಕ ನೀಡಿತು. ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಜುಲೈ ತಿಂಗಳಲ್ಲಿ ನ್ಯಾಯಾಲಯದ ಕೋರಿಕೆಯಂತೆ ದೆಹಲಿಯ ಐಐಟಿಯ ಮೂವರು ತಜ್ಞರು ಪ್ರಶ್ನೆಯನ್ನು ಪರಿಶೀಲಿಸಿ, ಮೊದಲನೆಯ ಹೇಳಿಕೆ ಮಾತ್ರ ಸರಿಯೆಂದು ತಿಳಿಸಿದರು. ಎರಡೂ ಸರಿಯೆಂದು ಗುರುತಿಸಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ, ಸಿಕ್ಕಿದ್ದ ನಾಲ್ಕು ಅಂಕಗಳನ್ನೂ ತಪ್ಪಿಗಾಗಿ ಕಳೆಯುವ ಒಂದು ಅಂಕವನ್ನೂ ಕಳೆದುಕೊಂಡರು.

ನಾಲ್ಕು ಲಕ್ಷ ಉತ್ತರಗಳು ಒಂದಕ್ಕೊಂದು ತಾಳೆಯಾಗಿದ್ದುವು. ಅಚ್ಚಾದ ಪುಸ್ತಕಕ್ಕೂ ತಾಳೆಯಾಗಿದ್ದುವು. ಆದರೆ ಯುರೇನಿಯಂ, ಥೋರಿಯಂಗಳ ಪರಮಾಣು ಬೀಜಗಳು ತಾವಾಗಿಯೇ ಒಡೆಯುತ್ತವೆ. ಪ್ರತಿಯೊಂದು ಧಾತುವೂ ಸ್ಥಿರವೆಂಬ ಮಾತಿಗೆ ಪ್ರಕೃತಿಯ ಒಪ್ಪಿಗೆಯಿಲ್ಲ. ಪ್ರಶ್ನೆಯನ್ನು ತೀರ್ಮಾನಿಸಿದುದು ತಲೆಯೆಣಿಕೆಯಲ್ಲ, ಕಾರಣ. ಪುಸ್ತಕವನ್ನು ನಂಬಿ ಉತ್ತರಿಸಿದ ವಿದ್ಯಾರ್ಥಿಗಳ ನೋವು ನ್ಯಾಯವಾದುದೇ. ಆದರೆ ಆ ನೋವಿನಿಂದ ಯುರೇನಿಯಂ ಸ್ಥಿರವಾಗಲಾರದು.

ಹಾಗಾದರೆ ತಾಳೆ ನೋಡಲೇಬಾರದೆ? ನೋಡಬೇಕು, ಆದರೆ ಅದಕ್ಕೊಂದು ಕಾಲವೂ ಕ್ರಮವೂ ಉಂಟು. ಸಿಇಟಿಯಲ್ಲಿ ಒಂದೇ ದಿನ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಪತ್ರಿಕೆ ಇರುತ್ತದೆ. ಓಎಂಆರ್ ಹಾಳೆಯನ್ನು ಒಪ್ಪಿಸಿದ ಮೇಲೆ ಬೆಳಗಿನ ಉತ್ತರವನ್ನು ಯಾವ ಚರ್ಚೆಯೂ ತಿದ್ದಲಾರದು. ಮಧ್ಯಾಹ್ನದ ಉತ್ತರವನ್ನು ಮಾತ್ರ ಅದು ಕೆಡಿಸಬಲ್ಲದು. ಆದುದರಿಂದ ಎಲ್ಲ ಪತ್ರಿಕೆಗಳೂ ಮುಗಿಯುವವರೆಗೆ ಕಾಯುವುದು ಲೇಸು. ಬಳಿಕ ಪ್ರಶ್ನೆಯ ಸಂಖ್ಯೆಯನ್ನು ನೆಚ್ಚದೆ ಪ್ರಶ್ನೆಯನ್ನೇ ಓದಿ ಹೋಲಿಸಬೇಕು. ಏಕೆಂದರೆ ಪ್ರಶ್ನೆಪತ್ರಿಕೆಯ ಬೇರೆ ಬೇರೆ ಶ್ರೇಣಿಗಳಲ್ಲಿ ಕ್ರಮ ಬೇರೆಯಾಗಿರುತ್ತದೆ. "ನೀನು ಯಾವುದಕ್ಕೆ ಗುರುತು ಹಾಕಿದೆ?" ಎಂದು ಕೇಳುವುದರ ಜೊತೆಗೆ "ಏಕೆ ಹಾಕಿದೆ?" ಎಂದೂ ಕೇಳಬೇಕು. ಇಬ್ಬರು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಉತ್ತರವನ್ನು ಮುಟ್ಟಿದ್ದರೆ ಆ ತಾಳೆಗೆ ಬೆಲೆ ಹೆಚ್ಚು. ಅಧಿಕೃತ ಉತ್ತರಸೂಚಿ ಪ್ರಕಟವಾದಾಗ ಅದಕ್ಕೆ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಕೊಡುತ್ತಾರೆ. ಅಲ್ಲಿ ಗೆಳೆಯರೆಲ್ಲ ಹೀಗೆಯೇ ಬರೆದಿದ್ದಾರೆಂಬ ಮಾತು ನಡೆಯುವುದಿಲ್ಲ. ಸಮರ್ಥಿಸಿ ತೋರಿಸಿದ ಕಾರಣಕ್ಕೆ ಮಾತ್ರ ಬೆಲೆ.