ಚಿಕಿತ್ಸೆ ಮುಗಿದ ಮೇಲಿನ ಸಂಸಾರ: ಕ್ಯಾನ್ಸರಿನಿಂದ ಗುಣಮುಖರಾದ ಯುವದಂಪತಿಗಳ ಮನಃಸ್ಥೈರ್ಯ

ಕ್ಯಾನ್ಸರ್ ವೃದ್ಧರಿಗೆ ಮಾತ್ರ ಬರುವ ರೋಗವೆಂಬ ಭಾವನೆ ನಮ್ಮ ಗ್ರಾಮಗಳಲ್ಲಿ ಇನ್ನೂ ಉಂಟು. ಆದರೆ ಇಪ್ಪತ್ತು, ಮೂವತ್ತರ ಪ್ರಾಯದವರಲ್ಲಿಯೂ ರಕ್ತ, ದುಗ್ಧರಸ ಗ್ರಂಥಿ, ವೃಷಣ, ಥೈರಾಯ್ಡ್, ಸ್ತನ ಇವುಗಳ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಬೇಗನೆ ಪತ್ತೆಯಾದರೆ ಇವುಗಳಲ್ಲಿ ಅನೇಕವು ಗುಣವಾಗತಕ್ಕವು. ಚಿಕಿತ್ಸೆಯ ವಿಚಾರವನ್ನು ಮಣಿಪಾಲದ ಆಸ್ಪತ್ರೆಯಲ್ಲಿಯೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೋ ವಿವರಿಸಿರುತ್ತಾರೆ. ಮನೆಗೆ ಮರಳಿದ ಮೇಲಿನ ಕಷ್ಟಗಳನ್ನು ಕುರಿತು ಹೇಳುವವರು ಕಡಿಮೆ.

ಮಲ್ಪೆಯಿಂದ ಮೀನುಗಾರಿಕೆಗೆ ಹೋಗುತ್ತಿದ್ದ ಯುವಕನೊಬ್ಬನು ದುಗ್ಧರಸ ಗ್ರಂಥಿಯ ಕ್ಯಾನ್ಸರಿಗೆ ಔಷಧೋಪಚಾರ ಮುಗಿಸಿ ಕೆಮ್ಮಣ್ಣಿಗೆ ಮರಳಿದನು. ಮಳೆಗಾಲದ ನಿಷೇಧ ಮುಗಿದು ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದರೂ ಅವನು ಹೋಗಲಿಲ್ಲ. ಬಲೆ ಎಳೆಯಲು ಶಕ್ತಿಯಿಲ್ಲವೆಂದನು. ನಾನು ವರದಿಗಳನ್ನು ನೋಡಿ, “ಎಲ್ಲ ಸರಿಯಾಗಿದೆ, ಧೈರ್ಯವಾಗಿರಿ” ಎಂದು ಕಳುಹಿಸಿಬಿಟ್ಟೆನು. ಅದು ನನ್ನ ತಪ್ಪು. ಕೆಲವು ವಾರಗಳ ಬಳಿಕ ಅವನ ಪತ್ನಿಯು ಒಬ್ಬಳೇ ಬಂದಳು. “ಡಾಕ್ಟ್ರೇ, ಇವರು ರಾತ್ರಿಯಿಡೀ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ. ಅತ್ತೆಯವರು ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ನನ್ನ ಹತ್ತಿರ ಮಾತೇ ಇಲ್ಲ” ಎಂದು ಅತ್ತಳು.

ಇಬ್ಬರನ್ನೂ ಕೂರಿಸಿ ಕೇಳಿದಾಗ ತಿಳಿದುದಿಷ್ಟು: ರೋಗವು ಮರುಕಳಿಸೀತೆಂದು ಅವನಿಗೆ ಭಯ, ಹೇಳಿದರೆ ಅವಳು ಕುಗ್ಗಿಯಾಳೆಂದು ಮೌನ. ಅವಳಿಗೂ ಅದೇ ಭಯ. ಕೇಳಿದರೆ ಅವನಿಗೆ ನೋವಾದೀತೆಂದು ಮೌನ.

ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ದಾಂಪತ್ಯ ಸಂಬಂಧದಿಂದಲೂ ಅದು ಹರಡದು. ಇದನ್ನು ಮನೆಯ ಹಿರಿಯರಿಗೆ ದಂಪತಿಗಳೇ ಹೇಳುವುದು ಕಷ್ಟವಾದರೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಸೊಸೆಯ ಮಾತಿಗಿಂತ ಅವರ ಮಾತಿಗೆ ಬೆಲೆ ಹೆಚ್ಚೆಂಬುದು ನನ್ನ ಅನುಭವ!

ತಪಾಸಣೆಯ ದಿನ ಸಮೀಪಿಸಿದಂತೆ ಭಯ ಏರುವುದು ಸಹಜ, ಅದು ಹೇಡಿತನವಲ್ಲ. ಯಾವ ಲಕ್ಷಣ ಕಂಡರೆ ಕೂಡಲೆ ಬರಬೇಕೆಂದು ವೈದ್ಯರಿಂದ ಬರೆಯಿಸಿಕೊಳ್ಳಿರಿ. ಆಗ ದಿನವೂ ದೇಹವನ್ನು ತಡಕಿ ನೋಡುವ ಅಗತ್ಯ ಬೀಳದು. ಸಂಜೆ ಅರ್ಧ ಗಂಟೆ ಭಯದ ಮಾತಿಗೆಂದೇ ಇಬ್ಬರೂ ಕುಳಿತುಕೊಳ್ಳಿರಿ. ಕೇಳುವವರು ಉಪದೇಶ ಮಾಡಬಾರದು.

ಆಯಾಸವೂ ನಿಜವಾದುದೇ. ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರುತ್ತದೆ, ಸೋಮಾರಿತನವೆಂದು ಹಳಿಯಬಾರದು. ದಿನವೂ ಸ್ವಲ್ಪ ನಡೆದು, ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವುದು ಒಳ್ಳೆಯದು. ನಮ್ಮ ಯುವಕನು ಮೊದಲು ದಡದಲ್ಲಿ ಕುಳಿತು ಬಲೆ ರಿಪೇರಿ ಮಾಡಿದನು. ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ 2012ರಲ್ಲಿ ಚಿಕಿತ್ಸೆ ಪಡೆದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತದ ಪರವಾಗಿ ಆಡಿದರು; ಆದರೆ ಎಲ್ಲರೂ ಅಷ್ಟು ಬೇಗ ಏಳಬೇಕೆಂದಿಲ್ಲ.

ಸಂತಾನದ ಚಿಂತೆಯೇ ಅನೇಕರನ್ನು ಒಳಗೊಳಗೆ ತಿನ್ನುತ್ತದೆ. ಕೆಲವು ಔಷಧಗಳೂ ವಿಕಿರಣ ಚಿಕಿತ್ಸೆಯೂ ಫಲವತ್ತತೆಯನ್ನು ಕುಂದಿಸಬಹುದು. ಕೆಲವರಲ್ಲಿ ಅದು ಮರಳುತ್ತದೆ, ಕೆಲವರಲ್ಲಿ ಮರಳದು. ಇದರಲ್ಲಿ ಪತ್ನಿಯನ್ನಾಗಲಿ ಪತಿಯನ್ನಾಗಲಿ ದೂಷಿಸುವುದು ಅನ್ಯಾಯ. ಚಿಕಿತ್ಸೆ ಇನ್ನೂ ಆರಂಭವಾಗದವರು ವೀರ್ಯ ಅಥವಾ ಅಂಡಾಣುಗಳನ್ನು ಶೇಖರಿಸಿಡುವ ವಿಚಾರವನ್ನು ಮೊದಲೇ ಕೇಳತಕ್ಕದ್ದು. ಔಷಧ ನಡೆಯುವ ಕಾಲದಲ್ಲಿ ನಿರೋಧ್ ಬಳಸಿರಿ. ಆ ಬಳಿಕವೂ ವೈದ್ಯರು ಒಪ್ಪುವ ತನಕ ಗರ್ಭಧಾರಣೆಯನ್ನು ಮುಂದೂಡಿರಿ. ಸ್ತನದ ಕ್ಯಾನ್ಸರ್ ಆದವರು ಹಾರ್ಮೋನಿನ ಗರ್ಭನಿರೋಧಕ ಗುಳಿಗೆ ನುಂಗಬಾರದು. ಅವರಿಗೆ ಕಾಪರ್-ಟಿ ಉಂಟು.

ಎರಡು ವಾರಕ್ಕೂ ಮಿಕ್ಕಿ ನಿದ್ರೆ, ಹಸಿವು, ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೂ ಚಿಕಿತ್ಸೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಸಾಕೆಂಬ ಮಾತು ಬಾಯಿಂದ ಬಂದರೆ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿರಿ. ಮುಂದಿನ ತಪಾಸಣೆಗೆ ದಂಪತಿಗಳು ಜೊತೆಯಾಗಿಯೇ ಹೋಗಿರಿ. ಹಳೆಯ ವರದಿಗಳೆಲ್ಲ ಒಂದೇ ಚೀಲದಲ್ಲಿರಲಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆದ ಚೀಟಿ ಅದರ ಮೇಲಿರಲಿ.